ಬಂದ್ ಇದ್ದ ಮಶೀನು ಹಿಡಿದ ಕೈ

ಶರಣ ಬಂಧುಗಳೆ, ತಾಯಂದಿರೆ, ಇದು ಶ್ರಾವಣ. ಶ್ರಾವಣದಲ್ಲಿ ನಾವೆಲ್ಲ ಶ್ರವಣ ಮಾಡುತ್ತೇವೆ, ಅಂದರೆ ಕೇಳುತ್ತೇವೆ. ಹದಿನೈದು ದಿನದಿಂದ ನೀವು ನನ್ನ ಮಾತು ಕೇಳುತ್ತಿದ್ದೀರಿ, ತಲೆಯಾಡಿಸುತ್ತಿದ್ದೀರಿ. ಸಂತೋಷ. ಆದರೆ ನನಗೊಂದು ಅನುಮಾನ. ಮಠದಲ್ಲಿ ಇಷ್ಟು ಚೆನ್ನಾಗಿ ಕೇಳುವ ಈ ಕಿವಿ ಮನೆಯಲ್ಲಿ ಕೇಳುತ್ತದೆಯೇ? ಹಿತ್ತಲಿನಿಂದ ಬಂದ ಮಾತು ಅದಕ್ಕೆ ಮುಟ್ಟುತ್ತದೆಯೇ?

ಅದಕ್ಕೇ ಒಂದು ಸಂಗತಿ ಹೇಳುತ್ತೇನೆ. ಪುರಾಣದ್ದಲ್ಲ. ಬಟ್ಟೆ ತೊಳೆಯುವ ಮಶೀನಿನದು. ನಗಬೇಡಿ. ಅನುಭವಿಸಿದವರೇ ನನ್ನೆದುರು ಕುಳಿತು ಹೇಳಿದ್ದು. ಹೆಸರಷ್ಟೇ ಬದಲಿಸಿದ್ದೇನೆ.

ಬ್ಯಾಡಗಿಯ ಆಚೆ ಒಂದು ಊರು. ಅಲ್ಲಿ ಕುಬೇರಪ್ಪ ಎಂಬ ಸಾಹುಕಾರರು. ಮೆಣಸಿನಕಾಯಿ ವ್ಯಾಪಾರ. ಗೋದಾಮಿಗೆ ಹೋಗಿ ಬಂದರೆ ಧೋತರ, ಅಂಗಿ, ಟವೆಲ್ಲು ಎಲ್ಲವೂ ಕೆಂಪು ಪುಡಿ. ಆ ಬಟ್ಟೆಯನ್ನು ಕೈಯಲ್ಲಿ ತೊಳೆದರೆ ಬೆರಳು ಬೆಂಕಿಯಂತೆ ಉರಿಯುತ್ತದೆ. ಅದಕ್ಕೇ ಅವರ ಹೆಂಡತಿ ನೀಲಮ್ಮ ಹಠ ಮಾಡಿ ಮಶೀನು ತರಿಸಿದ್ದರು. ಮನೆಕೆಲಸದ ಫಕ್ಕೀರವ್ವನ ಕೈ ಉಳಿಯಲಿ ಅಂತ. ಒಳ್ಳೆಯ ಮನೆಯೇ, ನೋಡಿ. ಕೆಟ್ಟವರ ಕಥೆಯಲ್ಲ ಇದು. ಕೆಟ್ಟವರ ಕಥೆಯಾಗಿದ್ದರೆ ನಿಮಗೆ ಹೇಳುತ್ತಲೇ ಇರಲಿಲ್ಲ.

ಒಂಬತ್ತು ವರ್ಷ ತಿರುಗಿದ ಮಶೀನು ಒಂದು ದಿನ ನಡುವೆಯೇ ನಿಂತುಬಿಟ್ಟಿತು. ಒಳಗೆ ಬಟ್ಟೆ, ಬಟ್ಟೆಯ ಸುತ್ತ ಕೆಂಪು ನೀರು. ಆ ದುಂಡನೆಯ ಗಾಜಿನ ಬಾಗಿಲಿನಿಂದ ನೋಡಿದರೆ ಒಳಗೆ ರಕ್ತ ನಿಂತಂತೆ ಕಾಣುತ್ತಿತ್ತು ಎಂದು ನೀಲಮ್ಮ ನನಗೆ ಹೇಳಿದರು. ಮೆಣಸಿನಕಾಯಿಯ ಬಣ್ಣ ಎಂದು ಗೊತ್ತಿದ್ದರೂ ಅವರು ಅತ್ತ ನೋಡುವುದನ್ನು ಬಿಟ್ಟರಂತೆ.

ಈಗ ಮನೆಯಲ್ಲಿ ಚರ್ಚೆ. ರಿಪೇರಿಯೋ, ಹೊಸದೋ?

ನೀಲಮ್ಮ, "ಬೆಲ್ಟ್ ಹೋಗಿರಬೇಕು, ಮೆಕ್ಯಾನಿಕ್‌ಗೆ ಫೋನ್ ಮಾಡ್ರಿ" ಎಂದರು. ಮಗ, "ಬಿಡವ್ವಾ, ಹಳೇದಾತು, ಹೊಸಾದು ತರೂಣು" ಎಂದು ಮೊಬೈಲಿನಲ್ಲಿ ಚಿತ್ರ ತೋರಿಸಿದ. ಕುಬೇರಪ್ಪನವರು ಇಬ್ಬರ ಮಾತಿಗೂ "ನೋಡೂಣು" ಎಂದರು. ಊಟಕ್ಕೆ ಕುಳಿತಾಗ ಇದೇ ಮಾತು, ಚಹಾ ಕುಡಿಯುವಾಗ ಇದೇ ಮಾತು. ಎಂಟು ದಿನ! ಈ ಎಂಟು ದಿನವೂ ಮಶೀನು ಹಿತ್ತಲ ಪಡಸಾಲೆಯಲ್ಲಿ ಹಾಗೇ ನಿಂತಿತ್ತು. ಗುಂಡಿ ಬಂದ್ ಮಾಡಿದ್ದರು, ಪ್ಲಗ್ ಮಾತ್ರ ಗೋಡೆಯಲ್ಲೇ ಇತ್ತು. ಫಕ್ಕೀರವ್ವ ಅದರ ಪಕ್ಕದ ಕಲ್ಲಿನ ಮೇಲೆ ಕೈಯಲ್ಲೇ ಬಟ್ಟೆ ಒಗೆಯುತ್ತಿದ್ದಳು. ಒಗೆದದ್ದನ್ನು ಹಿಂಡಿ ಮಶೀನಿನ ತಲೆಯ ಮೇಲೆ ಇಡುತ್ತಿದ್ದಳು.

ಎರಡನೆಯ ದಿನ ಅವಳು ಸಾಹುಕಾರರ ಮುಂದೆ ಬಂದು ನಿಂತಳು.

"ಸಾವ್ಕಾರ್ರ, ಆ ಮಶೀನು ಮುಟ್ಟಿದ್ರ ಕೈ ಜುಮ್ ಅಂತೈತ್ರಿ."

"ಬಂದ್ ಐತಲ್ಲ ಬೇ ಅದು."

"ಬಂದ್ ಐತ್ರಿ. ಆದ್ರೂ ಜುಮ್ ಅಂತೈತ್ರಿ."

ಕುಬೇರಪ್ಪನವರು ನಕ್ಕರು. ಸಿಟ್ಟಿನಿಂದಲ್ಲ, ಪ್ರೀತಿಯಿಂದಲೇ. "ಮೆಣಸಿನಕಾಯಿ ಪುಡಿ ಕೈಗೆ ಹತ್ತಿರತೈತಿ. ಅದ್ರ ಉರಿ ಅದು. ಏನೂ ಆಗಂಗಿಲ್ಲ ಹೋಗು."

ಐದನೆಯ ದಿನ ಮತ್ತೆ ಬಂದಳು. "ಇವತ್ತ ಜಾಸ್ತಿ ಆತ್ರಿ. ಮಣಿಕಟ್ಟಿನ ತನಕ ಏರಿತು." ಅವರು ಮಾರುಕಟ್ಟೆಗೆ ಹೊರಟಿದ್ದರು. "ಎಣ್ಣಿ ಹಚ್ಕೊ" ಎಂದರು.

ಎಂಟನೆಯ ದಿನ ಅವಳು ಹತ್ತಿರ ಬರಲಿಲ್ಲ, ಬಾಗಿಲಲ್ಲೇ ನಿಂತು ಹೇಳಿದಳು. "ಸಾವ್ಕಾರ್ರ, ಅದು ಈಗ ಜುಮ್ ಅನ್ನಂಗಿಲ್ರಿ. ಹಿಡಿತೈತಿ."

"ಹಿಡಿತೈತಿ ಅಂದ್ರ?"

"ಯಾರೋ ಕೈ ಹಿಡಕೊಂಡಂಗ್ರಿ. ಬಿಡಿಸ್ಕೊಳ್ಳಾಕ ಜಗ್ಗಬೇಕಾತು."

ಮಗ ಜೋರಾಗಿ ನಕ್ಕ. ಕುಬೇರಪ್ಪನವರೂ ನಕ್ಕರು. ಫಕ್ಕೀರವ್ವನೂ ಅವರ ಜೊತೆ ಸ್ವಲ್ಪ ನಕ್ಕಳಂತೆ. ಬಡವರು ಹಾಗೇ ಅಲ್ಲವೇ? ತಮ್ಮ ನೋವಿಗೆ ದೊಡ್ಡವರು ನಕ್ಕರೆ ತಾವೂ ನಗುತ್ತಾರೆ.

ಒಂಬತ್ತನೆಯ ದಿನ ಬೆಳಿಗ್ಗೆ ಕುಬೇರಪ್ಪನವರು ಗೀಸರ್ ಹಾಕಿಕೊಂಡು ಬಿಸಿನೀರಿನ ಜಳಕಕ್ಕೆ ಕುಳಿತರು. ಅವರದು ದೀರ್ಘ ಜಳಕ. ಮಣೆಯ ಮೇಲೆ ಕುಳಿತು, ಪ್ಲಾಸ್ಟಿಕ್ ಬಕೆಟ್ಟಿನಿಂದ ನಿಧಾನವಾಗಿ ನೀರು ಹಾಕಿಕೊಳ್ಳುತ್ತ, ಗಟ್ಟಿಯಾಗಿ ನಾಮಸ್ಮರಣೆ ಮಾಡುತ್ತ. ಜಳಕ ಮುಗಿಸಿ ಮೈ ಒರೆಸಿಕೊಳ್ಳುವಾಗ ಹೆಂಡತಿ ಚೀರಿದ್ದು ಕೇಳಿಸಿತು.

ಫಕ್ಕೀರವ್ವ ಒದ್ದೆ ನೆಲದ ಮೇಲೆ ಒರಗಿದ್ದಳು. ಮೈಯಲ್ಲಿ ಗಾಯವಿಲ್ಲ. ಬಾಯಿ ತೆರೆದಿತ್ತು, ಯಾರನ್ನೋ ಕರೆಯಹೊರಟಂತೆ. ಪಕ್ಕದಲ್ಲಿ ಎಂಟು ದಿನದಿಂದ ಸತ್ತು ನಿಂತಿದ್ದ ಆ ಮಶೀನು. ಸತ್ತ ಮಶೀನು ಯಾರನ್ನಾದರೂ ಕೊಲ್ಲುತ್ತದೆಯೇ? ಯಾರಿಗೂ ಆ ಯೋಚನೆ ಬರಲಿಲ್ಲ. ನೋಡಲು ಬಂದ ವೈದ್ಯರೂ "ಎದೆ ನಿಂತಿದೆ" ಎಂದರು. ಎದೆ ನಿಂತದ್ದು ನಿಜವೇ. ಮಣ್ಣು ಮಾಡಿದರು. ಸಾಹುಕಾರರು ಮೂರು ಹಿಡಿ ಮಣ್ಣು ಹಾಕಿ ಬಂದರು, ಕಣ್ಣೊರೆಸಿಕೊಂಡರು.

ಈಗ ಗಮನವಿಟ್ಟು ಕೇಳಿ. ಎಂಟು ದಿನ ಆಗದ ತೀರ್ಮಾನ ಆಮೇಲೆ ಒಂದೇ ದಿನದಲ್ಲಿ ಆಯಿತು. ಹಳೆಯ ಮಶೀನು ಕಣ್ಣೆದುರು ಬೇಡ ಎಂದು ಸಾಗಹಾಕಿದರು. ಅದೇ ಜಾಗಕ್ಕೆ, ಅದೇ ಪ್ಲಗ್ಗಿಗೆ, ಹೊಳೆಯುವ ಹೊಸ ಮಶೀನು ಬಂತು.

ಕೆಲಸಕ್ಕೆ ಬೇರೆಯವರು ಸಿಕ್ಕಿರಲಿಲ್ಲ. ನೀಲಮ್ಮನೇ ಬಟ್ಟೆ ಹಾಕತೊಡಗಿದರು. ಮೊದಲ ಮೂರು ದಿನ ಮಧ್ಯಾಹ್ನ ಹಾಕಿದರು. ಏನೂ ಆಗಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆಯೇ ಹೋದರು. ಬಚ್ಚಲಿನಿಂದ ಗಂಡನ ನಾಮಸ್ಮರಣೆ ಕೇಳುತ್ತಿತ್ತು. ಮಶೀನಿನ ಗುಂಡಿಯನ್ನು ಇನ್ನೂ ಒತ್ತಿರಲಿಲ್ಲ. ಬಾಗಿಲು ತೆರೆಯಲು ಕೈ ಇಟ್ಟರು. ಕೈ ಜುಮ್ ಎಂದಿತು.

ತಾಯಂದಿರೆ, ಆ ಹೆಣ್ಣುಮಗಳ ಎದೆ ಏನಾಗಿರಬೇಡ! ಹೊಚ್ಚ ಹೊಸ ಮಶೀನು. ಬಂದ್ ಇದೆ. ಹಿಂದಿನ ವಾರ ಅದೇ ಜಾಗದಲ್ಲಿ ಹೆಣ ಬಿದ್ದಿತ್ತು. ಹಳೆಯ ಮಶೀನಿನ ಮೇಲೆ ದಿನಾ ಮಲಗುತ್ತಿದ್ದ ಬೆಕ್ಕು ಈಗ ಪಡಸಾಲೆಯ ಹೊಸ್ತಿಲಾಚೆಯೇ ಕುಳಿತು ಅತ್ತಲೇ ನೋಡುತ್ತಿರುತ್ತಿತ್ತು. ಒಳಗೆ ಬರುತ್ತಿರಲಿಲ್ಲ.

"ಏನ್ರೀ, ಫಕ್ಕೀರವ್ವ ಇಲ್ಲೇ ಅದಾಳ್ರೀ" ಎಂದು ಗಂಡನಿಗೆ ಹೇಳಿದರು.

"ಹುಚ್ಚು ಹಿಡದೈತೇನ್ ನಿನಗ?"

"ಇಲ್ರೀ. ಆಕಿ ಹೇಳಿದ್ಲಲ್ಲ, ಕೈ ಹಿಡಕೊಂಡಂಗ ಅಂತ. ಈಗ ಆಕೀನ ಹಿಡ್ಯಾಕತ್ಯಾಳ. ಹೇಳಿದ್ದು ಕೇಳಲಿಲ್ಲ ನೀವು ಅಂತ."

ಕುಬೇರಪ್ಪನವರು ಮಧ್ಯಾಹ್ನ ಪಡಸಾಲೆಗೆ ಹೋಗಿ ಮಶೀನಿನ ಮೇಲೆ ಅಂಗೈ ಊರಿ ನಿಂತರು. ಒಂದು ನಿಮಿಷ, ಎರಡು ನಿಮಿಷ. ಏನೂ ಇಲ್ಲ. "ನೋಡು, ಎಲ್ಲಾ ನಿನ್ನ ಭ್ರಮಾ" ಎಂದರು. ಆದರೆ ಆ ದಿನದಿಂದ ನೀಲಮ್ಮ ಲೆಕ್ಕವಿಟ್ಟಂತೆ ಗಮನಿಸಿದರು. ಮಧ್ಯಾಹ್ನ ಇಲ್ಲ. ಸಂಜೆ ಇಲ್ಲ. ಬೆಳಿಗ್ಗೆ, ಫಕ್ಕೀರವ್ವ ಕೆಲಸಕ್ಕೆ ಬರುತ್ತಿದ್ದ ಹೊತ್ತಿಗೆ ಮಾತ್ರ, ಅದು ಎಚ್ಚರವಾಗುತ್ತಿತ್ತು.

ಇನ್ನೊಂದು ಬೆಳಿಗ್ಗೆ ನೀಲಮ್ಮ ಚೀರಿದರು. ಕುಬೇರಪ್ಪನವರು ಅರ್ಧ ಜಳಕದಲ್ಲೇ ಎದ್ದು, ಒದ್ದೆ ಪಂಚೆಯಲ್ಲಿ, ಬರಿಗಾಲಲ್ಲಿ ಓಡಿಬಂದರು. "ಏನೈತಿ ಇದರಾಗ?" ಎಂದು ಸಿಟ್ಟಿನಿಂದ ಮಶೀನಿಗೆ ಕೈ ಹಾಕಿದರು.

ಅದು ಹಿಡಿಯಿತು.

ಅವರೇ ನನಗೆ ಹೇಳಿದ ಮಾತು ಇದು: "ಬುದ್ಧಿ, ಬೆರಳು ಬಿಚ್ಚಬೇಕು ಅಂತ ಗೊತ್ತಿತ್ತು. ಬೆರಳು ನನ್ನ ಮಾತು ಕೇಳಲಿಲ್ಲ. ಕೂಗಬೇಕು ಅಂದೆ. ಬಾಯಿ ತೆರೀತು, ದನಿ ಬರಲಿಲ್ಲ. ಹೆಂಡ್ತಿ ಎದುರಿಗೇ ನಿಂತು ನನ್ನ ಮುಖಾನೇ ನೋಡತಿದ್ಲು. ನಾ ಕೂಗಾಕತ್ತೀನಿ ಅಂತ ಆಕಿಗೆ ಗೊತ್ತಾಗಲಿಲ್ಲ."

ನೀಲಮ್ಮನಿಗೆ ಏನು ತೋಚಿತೋ, ಮೂಲೆಯಲ್ಲಿದ್ದ ಜೇಡ ತೆಗೆಯುವ ಒಣ ಬಿದಿರುಕೋಲಿನಿಂದ ಗಂಡನ ಮೊಣಕೈಗೆ ಬೀಸಿ ಹೊಡೆದರು. ಕೈ ಬಿಟ್ಟಿತು. ಬಿದ್ದರು. ಬದುಕಿದರು.

ಮಗ, "ಶಾಂತಿ ಮಾಡ್ಸೂಣು" ಎಂದ. ಕುಬೇರಪ್ಪನವರು, "ಮೊದಲ ದಾದಾಪೀರನ್ನ ಕರಿ" ಎಂದರು. ದಾದಾಪೀರ ಊರಿನ ಹಳೆಯ ಕರೆಂಟು ಕೆಲಸದವನು. ಬಂದವನು ಮಶೀನಿಗೆ ಟೆಸ್ಟರ್ ಇಟ್ಟ. ಉರಿಯಲಿಲ್ಲ. ಅವನು ಮಶೀನು ಬಿಟ್ಟು ಮನೆಯೆಲ್ಲ ಸುತ್ತತೊಡಗಿದ. ಒಂದೊಂದೇ ಗುಂಡಿ ಒತ್ತುವುದು, ಬಂದು ಟೆಸ್ಟರ್ ಇಡುವುದು. ಬಚ್ಚಲಿನ ಗೀಸರಿನ ಗುಂಡಿ ಒತ್ತಿ ಬಂದು ಇಟ್ಟಾಗ ಟೆಸ್ಟರಿನೊಳಗೆ ಕೆಂಪು ದೀಪ ಹೊತ್ತಿಕೊಂಡಿತು. ಮಶೀನಿನ ಗುಂಡಿ ಆಗಲೂ ಬಂದ್ ಇತ್ತು. ಅಡುಗೆಮನೆಗೆ ಹೋಗಿ ಫ್ರಿಜ್ಜಿನ ಹಿಡಿಕೆಗೆ ಇಟ್ಟ. ಅಲ್ಲೂ ಹೊತ್ತಿಕೊಂಡಿತು. ಹಟ್ಟಿಯಲ್ಲಿದ್ದ ನೀರೆತ್ತುವ ಮೋಟಾರಿಗೆ ಇಟ್ಟ. ಅಲ್ಲೂ. ಹಾಡುಹಗಲು, ಮನೆಯ ಕಬ್ಬಿಣವೆಲ್ಲ ಜೀವ ತಳೆದು ಸುಮ್ಮನೆ ನಿಂತಿತ್ತು.

"ಸಾವ್ಕಾರ್ರ, ಮಶೀನದಾಗ ಏನೂ ಇಲ್ಲ. ಹಳೇದ್ರಾಗೂ ಇರಲಿಕ್ಕಿಲ್ಲ."

"ಮತ್ತ?"

"ನಿಮ್ಮ ಗೀಸರ್ ಒಳಗ ಸೋರಾಕತ್ತೈತಿ. ಸೋರಿದ ಕರೆಂಟು ನೆಲಕ್ಕ ಇಳೀಲಿ ಅಂತ ಮನಿಗೆ ಒಂದು ಅರ್ಥಿಂಗ್ ತಂತಿ ಇರತೈತ್ರಿ. ಅದು ಎಲ್ಲಾ ಪ್ಲಗ್ಗಿಗೂ ಕೂಡಿರತೈತಿ. ಮೊನ್ನೆ ಮುಂದಿನ ಅಂಗಳಕ್ಕ ಗ್ರಾನೈಟ್ ಹಾಕಿಸಿದ್ರಲ್ಲ? ಅವಾಗ ಆ ತಂತಿ ಕಡದು ಹೋಗೈತಿ. ನೆಲಕ್ಕ ಇಳಿಯಾಕ ದಾರಿ ಇಲ್ಲ. ಅದೇ ತಂತಿ ಹಿಡದು ಮಶೀನಿಗೆ ಬಂದು ಕಾಯ್ತಾ ಕೂಡತೈತಿ. ಒದ್ದಿ ನೆಲದಾಗ ಬರಿಗಾಲಿನವ್ರು ಮುಟ್ಟಿದ್ರ ಅವರ ಮೈಯಾಗಿಂದ ಇಳಿತೈತಿ. ಮಣಿ ಮ್ಯಾಲ ಕೂತು ಪ್ಲಾಸ್ಟಿಕ್ ಬಕೆಟ್ಟಿನಿಂದ ನೀರು ಹಾಕ್ಕೊಳ್ಳೂ ನಿಮಗ ಗೊತ್ತಾಗಂಗಿಲ್ಲ."

ದಾದಾಪೀರನಿಗೆ ಫಕ್ಕೀರವ್ವನ ವಿಷಯ ಪೂರ್ತಿ ಗೊತ್ತಿರಲಿಲ್ಲ. ಅವನು ಸಹಜವಾಗಿ ಕೇಳಿದ, "ನೀವು ಜಳಕಾ ಮಾಡೂ ಹೊತ್ತಿನ್ಯಾಗ ಇಲ್ಲಿ ಯಾರ್ ಇರತಿದ್ರು?"

ಕುಬೇರಪ್ಪನವರಿಗೆ ಆಗ ಎಲ್ಲವೂ ಕಂಡಿತು. ತಮ್ಮ ಬೆಚ್ಚನೆಯ ನೀರು, ತಮ್ಮ ನಾಮಸ್ಮರಣೆ. ಗೋಡೆಯಾಚೆ ಅವಳು ದನಿಯಿಲ್ಲದೆ ಕೂಗುತ್ತ ನಿಂತಿದ್ದಾಳೆ. ಒಂದು ದಿನವಲ್ಲ, ಒಂಬತ್ತು ದಿನ.

ಅದೇ ಸಂಜೆ ಅವರು ಫಕ್ಕೀರವ್ವನ ಮನೆಗೆ ನಡೆದುಕೊಂಡು ಹೋದರು. ಮಗಳು ರೇಣವ್ವ ಹೊರಗೆ ರೊಟ್ಟಿ ಬಡಿಯುತ್ತಿದ್ದಳು. ಅವಳೆದುರು ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದರು. ಮುಚ್ಚಿಡಲಿಲ್ಲ. ಆ ಮಾತಿಗೆ ನಾನು ಅವರಿಗೆ ಕೈ ಮುಗಿಯುತ್ತೇನೆ. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು. ಆಮೇಲೆ ರೇಣವ್ವ ಕೇಳಿದಳು.

"ನಮ್ಮವ್ವ ನಿಮಗ ಎಷ್ಟ ಸಲಾ ಹೇಳಿದ್ಲ್ರಿ?"

"ಮೂರು ಸಲಾ."

"ನಮಗೂ ಹೇಳಿದ್ಲ್ರಿ, ಕೈ ಜುಮ್ ಅಂತೈತಿ ಅಂತ. ಮೆಣಸಿನಕಾಯಿ ಉರಿ ಅಂತ ಸಾವ್ಕಾರ್ರ ಹೇಳ್ಯಾರಂದ್ಲು. ನೀವು ಹೇಳಿದ್ದು ಖರೇ ಇರತೈತಿ ಅಂದ್ಕೊಂಡ್ವಿ. ದಿನಾ ರಾತ್ರಿ ಕೊಬ್ಬರಿ ಎಣ್ಣಿ ಹಚ್ಚಿ ತಿಕ್ಕತಿದ್ದೆ ನಾನು."

ಅಷ್ಟೇ ಹೇಳಿದಳು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿರುತ್ತಿತ್ತು ಎಂದು ಕುಬೇರಪ್ಪನವರು ನನ್ನೆದುರು ಅತ್ತರು. ಅವರು ಆಮೇಲೆ ಅಂಗಳದ ಗ್ರಾನೈಟ್ ಒಡೆಸಿ ತಂತಿ ಜೋಡಿಸಿದರು. ತಮ್ಮ ಗೋದಾಮಿನಲ್ಲಿ ದುಡಿಯುವ ಪ್ರತಿಯೊಬ್ಬರ ಮನೆಗೂ ದಾದಾಪೀರನನ್ನು ಕಳಿಸಿ ವೈರಿಂಗ್ ನೋಡಿಸಿದರು. ಆದರೂ ಇವತ್ತಿಗೂ ಬಿಸಿನೀರಿನ ಜಳಕ ಅವರಿಂದ ಆಗುತ್ತಿಲ್ಲ. ನೀರು ಮೈಗೆ ಬಿದ್ದ ಕೂಡಲೆ ಬಾಯಿ ತೆರೆದ ಆ ಮುಖ ಕಾಣುತ್ತದಂತೆ.

ಕುಬೇರಪ್ಪನವರನ್ನು ಇಲ್ಲಿಗೆ ಬಿಡೋಣ. ಈಗ ನಿಮ್ಮ ಕಡೆ ತಿರುಗುತ್ತೇನೆ.

ರಿಪೇರಿ ಮಾಡಿಸಬೇಕೋ, ಹೊಸದು ತರಬೇಕೋ? ಆ ಮನೆಯವರು ಎಂಟು ದಿನ ಕೇಳಿಕೊಂಡದ್ದು ಇದೊಂದೇ ಪ್ರಶ್ನೆ. ಎರಡಕ್ಕೂ ಅರ್ಥವಿರಲಿಲ್ಲ, ಜೀವ ತೆಗೆದ ದೋಷ ಮಶೀನಿನಲ್ಲೇ ಇರಲಿಲ್ಲವಲ್ಲ! ನಾವೇನು ಬೇರೆಯೇ? ಕೆಲಸದವಳು ಬಿಟ್ಟುಹೋದಳು, ಇನ್ನೊಬ್ಬಳನ್ನು ತರೋಣ. ಅವಳೂ ಹೋದಳು, ಮತ್ತೊಬ್ಬಳು. ಸೊಸೆ ಮೂಲೆಯಲ್ಲಿ ಕುಳಿತು ಅಳುತ್ತಾಳೆ, ಅವಳ ಸ್ವಭಾವವೇ ಹಾಗೆ. ಎದುರಿಗಿರುವುದನ್ನು ಬದಲಿಸಿ ಬದಲಿಸಿ ನೋಡುತ್ತೇವೆ. ನಮ್ಮ ಬಚ್ಚಲಿನ ಗುಂಡಿ ಬಂದ್ ಮಾಡಿ ನೋಡುವುದಿಲ್ಲ. ನಮಗೆ ಹಿತವಾಗಿರುವುದು ಇನ್ನೊಬ್ಬರ ಕೈಗೆ ಹೇಗೆ ಮುಟ್ಟುತ್ತಿದೆ ಎಂದು ಕೇಳುವುದಿಲ್ಲ. ಕೇಳದೆಯೇ ತೀರ್ಪು ಕೊಡುತ್ತೇವೆ. "ಏನೂ ಆಗಲ್ಲ." ಎಷ್ಟು ಸುಲಭದ ಮಾತು! ದೊಡ್ಡವರು ಹೇಳಿದರು ಎಂದು ಅವರು ನಂಬಿಬಿಡುತ್ತಾರೆ. ತಮ್ಮ ಮೈಗೆ ಆದ ಅನುಭವವನ್ನೇ ಬಿಟ್ಟು ನಮ್ಮ ಮಾತನ್ನು ನಂಬುತ್ತಾರೆ. ಇದಕ್ಕಿಂತ ಭಯಂಕರವಾದದ್ದು ನನಗೆ ಗೊತ್ತಿಲ್ಲ.

ಮನೆಯ ಅರ್ಥಿಂಗ್ ತಂತಿಯನ್ನು ಈ ವಾರವೇ ನೋಡಿಸಿ. ಇದು ರೂಪಕವಲ್ಲ, ಬಾಯಿ ಬಿಟ್ಟು ಹೇಳುತ್ತಿದ್ದೇನೆ. ಅದಕ್ಕಾಗಿ ಒಂದು ದಿನದ ಪ್ರವಚನ ತಪ್ಪಿದರೂ ನನಗೆ ಬೇಸರವಿಲ್ಲ. ಇನ್ನು "ಏನೂ ಆಗಲ್ಲ" ಎಂಬ ಆ ಮಾತನ್ನು ಇಲ್ಲೇ ಬಿಟ್ಟುಹೋಗಿ. ಯಾರಾದರೂ ನೋವು ಎಂದರೆ "ಎಲ್ಲಿ, ಯಾವಾಗ, ತೋರಿಸು" ಎನ್ನಿ. ಎದ್ದು ಅವರ ಹಿಂದೆ ಹೋಗಿ. ಅವರು ನಿಲ್ಲುವ ಜಾಗದಲ್ಲಿ, ಅವರು ನಿಲ್ಲುವ ಹೊತ್ತಿನಲ್ಲೇ ಹೋಗಿ ನಿಂತು ನೋಡಿ. ನಿಮಗೆ ಬಿಡುವಾದಾಗ ಹೋಗಿ ಕೈ ಇಟ್ಟರೆ ಏನೂ ತಿಳಿಯುವುದಿಲ್ಲ.

ಈಗ ಪ್ರಸಾದದ ಹೊತ್ತಾಯಿತು. ನಮಗೆಲ್ಲ ಅಡುಗೆ ಮಾಡಿದ ಏಳೆಂಟು ತಾಯಂದಿರು ಆ ತಗಡಿನ ಮನೆಯಲ್ಲಿ, ಒಲೆಯ ಮುಂದೆ, ಬೆಳಗಿನಿಂದ ನಿಂತಿದ್ದಾರೆ. ನಾನು ಇಷ್ಟು ಹೊತ್ತು ಹೇಳಿದ ಒಂದು ಮಾತೂ ಅವರಿಗೆ ಕೇಳಿಸಿಲ್ಲ. ಪಂಕ್ತಿಯಲ್ಲಿ ಕೂರುವ ಮೊದಲು ಒಳಗೆ ಹೋಗಿ, ಏನಾದರೂ ತೊಂದರೆ ಇದೆಯೇ ಎಂದು ಅವರನ್ನು ಕೇಳಿ. ಮೊದಲು "ಏನಿಲ್ರಿ" ಎನ್ನುತ್ತಾರೆ. ಅಷ್ಟಕ್ಕೇ ತಿರುಗಿ ಬರಬೇಡಿ. ಸ್ವಲ್ಪ ಹೊತ್ತು ಅಲ್ಲೇ ನಿಂತಿರಿ.