ಕೋವಿ ಚೀಲದೊಳಗಿನ ಒನಕೆ

ಕಾಡಿನ ಅಂಚಿಗೆ ಒಂದು ಊರು. ಆ ಊರಿಗೆ ಒಬ್ಬ ಶ್ರೀಮಂತ. ಅವನಿಗೆ ಹೆಸರು ಬೇಡ, ನಮ್ಮಲ್ಲಿ ಯಾರದನ್ನಾದರೂ ಇಟ್ಟುಕೊಳ್ಳಿ. ಹಂದಿ ಓಡಿಸಲೆಂದು ಲೈಸೆನ್ಸು ಪಡೆದ ಕೋವಿಯೊಂದು ಅವನ ಮನೆಯಲ್ಲಿತ್ತು. ಆಯುಧ ಪೂಜೆಯ ದಿನ ಊರಿನ ಕುಡುಗೋಲು, ಮಚ್ಚು, ನೇಗಿಲು ಎಲ್ಲ ಅವನ ಅಂಗಳಕ್ಕೆ ಬರುತ್ತಿದ್ದವು. ನಡುವೆ ಅವನ ಕೋವಿ, ಸುತ್ತ ಉಳಿದವರದು. ತಾತನ ಕಾಲದಿಂದ ಹಾಗೇ. ನಮ್ಮಲ್ಲೂ ಹಾಗೇ ಅಲ್ಲವೇ?

ಒಂದು ವರ್ಷ ಹಬ್ಬಕ್ಕೆ ಸ್ವಲ್ಪ ಮುಂಚೆ ಮನೆಯವರೆಲ್ಲ ಒಂದು ನಾಮಕರಣಕ್ಕೆ ಹೋಗಿ ಬಂದರು. ನೋಡುತ್ತಾರೆ, ಬಾಗಿಲ ಹಿಂದೆ ಗೂಟಕ್ಕೆ ಚೀಲ ನೇತಾಡುತ್ತಿದೆ, ಒಳಗೆ ಕೋವಿ ಇಲ್ಲ. ತೋಟಾ ಡಬ್ಬಿಯೂ ಇಲ್ಲ. ಬೀರುವಿನಲ್ಲಿಟ್ಟು ಬೀಗ ಹಾಕಬೇಕಾದ ವಸ್ತುವನ್ನು ಗೂಟಕ್ಕೆ ನೇತುಹಾಕಿದ್ದರು.

ಹೆಂಡತಿ ಹೇಳಿದಳು, ‘ರೀ, ಚಪ್ಪಲಿ ಬಿಡಬೇಡಿ. ಹಾಗೇ ಠಾಣೆಗೆ ಹೋಗಿ ಹೇಳಿ ಬನ್ನಿ.’

‘ಏನಂತ ಹೇಳ್ಲಿ? ಬೀಗ ಹಾಕಿರ್ಲಿಲ್ವಾ ಅಂತ ಮೊದ್ಲು ಅದನ್ನೇ ಕೇಳ್ತಾರೆ. ಊರಿಗೆಲ್ಲ ನ್ಯಾಯ ಹೇಳೋನು ನಾನು.’

‘ಕೇಳಿದ್ರೆ ಕೇಳ್ಲಿ. ಅದೇನು ಸೌಟೇ ಕಳೆದುಹೋಗೋಕೆ?’

‘ಹಬ್ಬ ಮುಗೀಲಿ. ಅಷ್ಟರಲ್ಲಿ ನಾನೇ ಹುಡುಕಿಸ್ತೀನಿ.’

ನೋಡಿ, ಅವನು ಕೆಟ್ಟವನಲ್ಲ. ಅವನಿಗೆ ನಾಚಿಕೆಯಾಯಿತು, ಅಷ್ಟೇ. ಆದರೆ ನಾಚಿಕೆಯಿಂದ ಏನು ಮಾಡಿದ ಗೊತ್ತೇ? ಹಬ್ಬದ ದಿನ ಅಡುಗೆಮನೆಯ ಒನಕೆ ತಂದು ಆ ಚೀಲದೊಳಗೆ ತೂರಿಸಿದ. ಬಾಯಿ ಕಟ್ಟಿದ. ಆಕಾರ ಕಾಣದಷ್ಟು ಚೆಂಡುಹೂವಿನ ಹಾರ ಹಾಕಿ, ಕುಂಕುಮ ಇಟ್ಟು, ಅಂಗಳದ ನಡುವೆ ಮಲಗಿಸಿದ. ಊರು ಬಂದು ಒನಕೆಗೆ ಕೈ ಮುಗಿಯಿತು.

ಹೊಲದಂಚಿನಲ್ಲಿ ಹುಲ್ಲು ಕೊಯ್ದು ಎರಡು ಎಮ್ಮೆ ಸಾಕುತ್ತಿದ್ದವಳೊಬ್ಬಳಿದ್ದಳು. ಇವಳಿಗೆ ಹೆಸರಿಡುತ್ತೇನೆ, ಪುಟ್ಟಸಿದ್ದಮ್ಮ. ತನ್ನ ಕುಡುಗೋಲನ್ನು ಚೀಲದ ಪಕ್ಕ ಇಡುತ್ತಾ ಅವಳು ನಕ್ಕಳು.

‘ಏನ್ ಬುದ್ಧಿ, ಈ ವರ್ಸ ಕೋವಿಗೆ ಮುಸುಕು ಹಾಕ್ಬುಟ್ಟಿದ್ದೀರಿ? ಮದ್ವೆ ಹೆಣ್ಣಾ ಅದು? ಒಳಗೈತೋ ಇಲ್ವೋ?’

ಎಲ್ಲರೂ ನಕ್ಕರು. ಅವನೂ ನಕ್ಕ.

‘ಎಣ್ಣೆ ಹಾಕಿಸಿದ್ದೀನಿ ಕಣಮ್ಮ. ಧೂಳು ಕೂರುತ್ತೆ.’

ಆ ಕ್ಷಣ ಅವನ ಮುಂದಿತ್ತು. ಅವಳೇ ಬಾಗಿಲು ತೆರೆದುಕೊಟ್ಟಿದ್ದಳು. ‘ಇಲ್ಲ ತಾಯಿ, ಕಳುವಾಗಿದೆ’ ಎನ್ನಲು ಎಷ್ಟು ಹೊತ್ತು ಬೇಕು? ಎಷ್ಟು ಹೊತ್ತು ಬೇಕು, ಹೇಳಿ. ಹೇಳಲಿಲ್ಲ. ಆರತಿ ಎತ್ತಿದ.

ಹಬ್ಬ ಮುಗಿಯಿತು. ಆಗಲೂ ಹೋಗಲಿಲ್ಲ. ಈಗ ಹೋದರೆ ಇಷ್ಟು ದಿನ ಯಾಕೆ ಬರಲಿಲ್ಲ ಎನ್ನುತ್ತಾರಲ್ಲ. ಮೊದಲು ಒಂದು ನಾಚಿಕೆಯಿತ್ತು, ಈಗ ಎರಡಾದವು.

ಒಂದು ಬೆಳಗ್ಗೆ ಮಂಜು ಕವಿದಿತ್ತು. ಪುಟ್ಟಸಿದ್ದಮ್ಮ ಆಳೆತ್ತರದ ಹುಲ್ಲಿನಲ್ಲಿ ಬಗ್ಗಿದ್ದಳು. ಕದ್ದ ಕೋವಿ ಹಿಡಿದು ಹಂದಿಗೆ ಹೊಂಚು ಹಾಕಿದ್ದವನಿಗೆ ಹುಲ್ಲು ಅಲ್ಲಾಡಿದ್ದಷ್ಟೇ ಕಂಡಿತು. ಗುಂಡು ಅವಳ ತೊಡೆಗೆ ಬಿತ್ತು. ಅವನು ಓಡಿಹೋದ. ಜೀವ ಉಳಿಯಿತು, ಕಾಲು ಉಳಿಯಲಿಲ್ಲ.

ಪೊಲೀಸರು ಊರಿನ ಕೋವಿಗಳನ್ನೆಲ್ಲ ನೋಡುತ್ತಾ ಅವನ ಮನೆಗೂ ಬಂದರು. ಹಿಂದೆಯೇ ಊರಿನವರು. ಗೂಟದ ಚೀಲವನ್ನು ಅವನ ಕೈಯಲ್ಲೇ ಬಿಚ್ಚಿಸಿದರು. ಬಾಡಿದ ಚೆಂಡುಹೂವಿನ ಜೊತೆ ಒನಕೆ ಜಾರಿ ನೆಲಕ್ಕೆ ಬಿತ್ತು. ಯಾರೂ ನಗಲಿಲ್ಲ.

ಇನ್ಸ್‌ಪೆಕ್ಟರ್ ಗದರಿಸಲಿಲ್ಲ. ‘ಅವತ್ತೇ ಹೇಳಿದ್ರೆ ಹುಡುಕ್ತಿದ್ವಿ. ಸಿಗದಿದ್ರೂ ಊರಿಗೆ ತಿಳಿಸ್ತಿದ್ವಿ, ಕಳ್ಳಕೋವಿ ಓಡಾಡ್ತಿದೆ ಹುಷಾರು ಅಂತ’ ಎಂದರು.

ಅವನು ಆಸ್ಪತ್ರೆಗೆ ಹೋದ. ಹಣ್ಣು ಒಯ್ದಿದ್ದ, ಎಲ್ಲಿಡಬೇಕೆಂದು ತೋಚಲಿಲ್ಲ. ಪುಟ್ಟಸಿದ್ದಮ್ಮ ಹಣ್ಣಿನ ಕಡೆ ನೋಡದೆ ಹೇಳಿದಳು.

‘ಗುಂಡು ಸುಟ್ಟೋನ ಮುಖ ನಾ ನೋಡಿಲ್ಲ ಬುದ್ಧಿ. ನಿಮ್ಮ ಮುಖ ನೋಡ್ಕಂಡೇ ಕೇಳಿದ್ನಲ್ಲ, ಒಳಗೈತೋ ಇಲ್ವೋ ಅಂತ. ಇಲ್ಲ ಅಂದಿದ್ರೆ ನಾ ಆ ಹುಲ್ಲಿಗೆ ಹೋಯ್ತಿರ್ಲಿಲ್ಲ.’

ಕತೆ ಇಷ್ಟೇ. ಈಗ ಮನೆಯಲ್ಲಿ ಕೋವಿ ಇಟ್ಟುಕೊಂಡು ಈ ಸಭೆಗೆ ಬಂದ ನಿಮ್ಮ ಕಡೆ ತಿರುಗುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅವನ ಮೇಲೆ ಸಿಟ್ಟು ಬಂತೇ? ಸರಿ. ನಿಮ್ಮ ಕೋವಿ ಈಗ ಎಲ್ಲಿದೆ? ಕೊನೆಯ ಸಲ ಕಣ್ಣಾರೆ ನೋಡಿದ್ದು ಯಾವಾಗ? ಚೀಲವನ್ನಲ್ಲ, ಕೋವಿಯನ್ನು. ಹಗಲೆಲ್ಲ ದುಡಿದು ಬಂದ ಮೇಲೆ ಬೀಗ ಹಾಕುವುದೂ ಭಾರವೆನಿಸುತ್ತದೆ, ಗೊತ್ತು. ಆದರೂ ಹಾಕಿ, ಮನೆಯಲ್ಲಿ ಮಕ್ಕಳಿದ್ದಾರೆ. ಬೀಗದ ಕೈ ದೇವರ ಪಟದ ಹಿಂದೆ ಇಡಬೇಡಿ, ಕಳ್ಳರು ಮೊದಲು ಹುಡುಕುವುದು ಅಲ್ಲೇ.

ಕೋವಿ ಹೋಯಿತೆಂದು ತಿಳಿದರೆ ನೆಂಟರ ಹತ್ತಿರ ವಿಚಾರಿಸುತ್ತಾ ಕೂರಬೇಡಿ. ಆ ಗಳಿಗೆಯಲ್ಲೇ ಠಾಣೆಗೆ ಹೋಗಿ. ಲೈಸೆನ್ಸು ಕೈಗೆ ಸಿಗಲಿಲ್ಲವೇ, ಬಿಟ್ಟು ಹೋಗಿ, ಆಮೇಲೆ ಕೊಡಬಹುದು. ಬೈದರೆ ಬೈಸಿಕೊಳ್ಳಿ, ತಪ್ಪಿದ್ದರೆ ತಲೆ ತಗ್ಗಿಸಿ. ಬರುವಾಗ ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ, ಹುಲ್ಲಿಗೆ ಹೋಗುವವರಿಗೆ ಮೊದಲು ಹೇಳಿ. ಈಗಾಗಲೇ ಕಳೆದುಕೊಂಡು ಸುಮ್ಮನೆ ಕುಳಿತವರು ಈ ಸಭೆಯಲ್ಲಿದ್ದರೆ, ಮಂಗಳಾರತಿಗೆ ನಿಲ್ಲಬೇಡಿ, ಈಗಲೇ ಎದ್ದು ಹೋಗಿ. ಯಾರೂ ತಿರುಗಿ ನೋಡುವುದಿಲ್ಲ. ನೋಡಿದರೂ ನೋಡಲಿ.

ನಾಳೆ ಆಯುಧ ಪೂಜೆ. ಕುಂಕುಮ ಇಡುವ ಮುಂಚೆ ಚೀಲ ಬಿಚ್ಚಿ ಕೈ ಹಾಕಿ. ಒಳಗೆ ಕೋವಿ ಇಲ್ಲದಿದ್ದರೆ ತಟ್ಟೆ ಕೆಳಗಿಟ್ಟು ಠಾಣೆಗೆ ಹೊರಡಿ. ಆರತಿ ತಡವಾದರೆ ಯಾರ ಕಾಲೂ ಹೋಗುವುದಿಲ್ಲ.