ನನ್ನ ದನಿಗೆ ಮಾತ್ರ ತೆರೆಯುವ ಬಾಗಿಲು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಮುಖ್ಯ ಅತಿಥಿಗಳೇ, ನಮ್ಮ ಬೀದಿಯ ತಾಯಂದಿರೇ, ಮಹನೀಯರೇ, ಮತ್ತು ಹಿಂದಿನ ಸಾಲಿನಲ್ಲಿ ಈಗಾಗಲೇ ನಗಲು ಶುರುಮಾಡಿರುವ ಸಭಿಕರೇ,

ನಮ್ಮ ಬೀದಿಯವರೆಲ್ಲ ಸೇರಿ ಹಾಕಿಸಿಕೊಂಡ ಇಂಟರ್ನೆಟ್‌ಗೆ ಇಂದು ವರ್ಷ ತುಂಬಿತು. ಅದರ ರೂವಾರಿ ಎಂದು ನನ್ನ ಕೈಗೆ ಹೂಗುಚ್ಛ ಕೊಟ್ಟಿದ್ದೀರಿ. ಮನೆಗೊಂದು ಕನೆಕ್ಷನ್ ಏಕೆ, ಇಡೀ ಬೀದಿಗೆ ಒಂದು ದೊಡ್ಡದು ಸಾಲದೇ ಎಂದು ಮೊದಲು ಕೇಳಿದವನು ನಾನು. ಬೇಕರಿಯ ಮಾಳಿಗೆಯ ಮೇಲೆ ಪೆಟ್ಟಿಗೆ ಕೂರಿಸಿದವನು ನಾನು. ಮನೆಬಾಗಿಲ ಕ್ಯಾಮೆರಾಗಳನ್ನೆಲ್ಲ ನೇರ ಅದಕ್ಕೇ ಜೋಡಿಸಿ, ಯಾರ ಬಾಗಿಲಲ್ಲಿ ಯಾರು ನಿಂತರೂ ಎಲ್ಲರ ಟಿವಿಯಲ್ಲೂ ಕಾಣಬೇಕು, ಕೇಳಬೇಕು, ಕಳ್ಳರ ಕಾಟ ತಪ್ಪಬೇಕು ಎಂದವನೂ ನಾನೇ. ಯಾವ ಮನೆ ಮಿತಿ ಮೀರಿ ಬಳಸುತ್ತದೋ ಆ ಮನೆಯ ಲೈನು ಸಂಜೆಯತನಕ ತಾನಾಗಿ ಕಟ್ ಆಗಬೇಕೆಂಬ ನಿಯಮ ತಂದವನೂ ನಾನೇ. ದರ್ಜಿಯಣ್ಣ ವಿನಾಯಿತಿ ಕೇಳಿದಾಗ, "ನಿಯಮ ಅಂದ್ರೆ ನಿಯಮ" ಎಂದು ಮೇಜು ಕುಟ್ಟಿದ್ದೆ. ಅವರಿಗೆ ಅದು ಚೆನ್ನಾಗಿ ನೆನಪಿದೆ.

ಆಧುನಿಕ ಮನೆ ಹೇಗಿರಬೇಕು? ನನ್ನ ಮನೆಯ ಹಾಗಿರಬೇಕು. ಫ್ಯಾನು, ಪರದೆ, ನೀರಿನ ಪಂಪು, ಎಲ್ಲವೂ ಬಾಯಿಮಾತಿಗೆ ನಡೆಯುತ್ತವೆ. ಮುಂಬಾಗಿಲಿಗೆ ಬೀಗದ ಕೈಯೇ ಇಲ್ಲ, ಹೊರಗಿನಿಂದ ಅದು ದನಿ ಕೇಳಿ ತೆರೆಯುತ್ತದೆ. ನನ್ನ ದನಿ. ಮನೆಯವಳ ದನಿಯನ್ನೂ ಸೇರಿಸಬಾರದೇ ಎಂದು ನೀವು ಕೇಳಬಹುದು. ಅವಳೂ ಅದನ್ನೇ ಕೇಳುತ್ತಿದ್ದಳು. ನಾನಿದ್ದೀನಲ್ಲ ಅನ್ನುತ್ತಿದ್ದೆ. ಒಂದು ಮಧ್ಯಾಹ್ನ ಅವಳು ತರಕಾರಿ ಚೀಲ ಮಡಿಲಲ್ಲಿಟ್ಟುಕೊಂಡು, ನಾನು ಕಚೇರಿಯಿಂದ ಬರುವವರೆಗೂ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಬಂದವನೇ ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಂದಿನಿಂದ ಅವಳು ನನ್ನ ಜೊತೆ ಮಾತು ಬಿಟ್ಟಳು. ಇರಲಿ, ವಿಷಯಕ್ಕೆ ಬರೋಣ.

ಕಳೆದ ವಾರ ನಿಯಮದ ಪ್ರಕಾರ ಮೊದಲ ಲೈನು ಕಟ್ ಆಯಿತು. ಯಾರದು? ಫ್ಯಾನಿಗೂ ಪರದೆಗೂ ಬಾಗಿಲಿಗೂ ಇಂಟರ್ನೆಟ್ ಬೇಕೆನ್ನುವ ಮನೆ ಬೇರೆ ಯಾವುದಿದೆ? ನನ್ನದೇ. ಮಧ್ಯಾಹ್ನ ಊಟಕ್ಕೆಂದು ಮನೆಗೆ ಬಂದು "ಬಾಗಿಲು ತೆಗಿ" ಎಂದೆ. ತೆಗೆಯಲಿಲ್ಲ. ಗದರಿದೆ. ತೆಗೆಯಲಿಲ್ಲ. ಕೊನೆಗೆ ಬಾಗಿಲಿಗೆ ಬಹುವಚನ ಹಚ್ಚಿ, ದಯವಿಟ್ಟು ತೆಗೆಯಿರಿ ಎಂದೂ ಬೇಡಿದೆ. ಮನೆಯವಳು ತಂಗಿಯ ಮನೆಗೆ ಹೋಗಿದ್ದಾಳೆ ಎಂದುಕೊಂಡು ಮೆಟ್ಟಿಲ ಮೇಲೆ ಕೂತೆ. ಅಲ್ಲಿ ಬಿಸಿಲು ನೇರ ಮುಖಕ್ಕೇ ಹೊಡೆಯುತ್ತದೆ. ಕೂತಷ್ಟೂ ಸಂಕಟವಾಯಿತು. ಯಾರೂ ಇಲ್ಲವಲ್ಲ ಎಂದು ಮನಸ್ಸಿನಲ್ಲಿದ್ದದ್ದನ್ನೆಲ್ಲ ಬಾಗಿಲಿಗೇ ಹೇಳಿಕೊಂಡೆ. ಮನೆಯ ಲೈನು ಕಟ್ ಆದರೂ ಕ್ಯಾಮೆರಾ ನಿಲ್ಲುವುದಿಲ್ಲ ಎಂಬುದು ನೆನಪಾಗಲಿಲ್ಲ. ನೀವೆಲ್ಲ ಊಟ ಮಾಡುತ್ತ ನೋಡಿದಿರಿ. ಅಧ್ಯಕ್ಷರು ಟಿವಿಯ ಸೌಂಡು ಹೆಚ್ಚಿಸಿದರಂತೆ.

ಅವಳು ಒಳಗೇ ಇದ್ದಳು. ಬಂದು ಚಿಲಕ ತೆಗೆದು, "ಬಾಗಿಲಿಗೆ ಹೇಳಿದ್ದನ್ನ ಒಂದ್ಸಲ ನನ್ನ ಮುಖ ನೋಡ್ಕೊಂಡು ಹೇಳಿ" ಎಂದಳು. ಲೈನು ಸರಿಮಾಡಬೇಕು ಅಂತ ನೆಪ ಹೇಳಿ ನಾನು ಬೇಕರಿಯತ್ತ ಓಡಿದೆ. ಈಗ ಅವಳು ನಿಜವಾಗಿಯೂ ತಂಗಿಯ ಮನೆಯಲ್ಲಿದ್ದಾಳೆ. ನಾನು ಅದನ್ನು ಹೇಳುವವರೆಗೆ ಬರುವುದಿಲ್ಲವಂತೆ. ಅಗೋ, ಇಲ್ಲೇ ಸಭೆಯಲ್ಲಿ, ಕಿಟಕಿಯ ಪಕ್ಕ ತಂಗಿಯ ಜೊತೆ ಕೂತಿದ್ದಾಳೆ.

ಭಾಷಣದಲ್ಲಿ ಮುಂದೆ ಬೀದಿದೀಪಗಳ ಯೋಜನೆ ಇತ್ತು. ಬಿಡಿ.

ಇಲ್ಲಿ ನೋಡು ಮಾರಾಯ್ತಿ. ನಿನ್ನ ಮನೆಯ ಹೊರಗೆ ನಿನ್ನನ್ನೇ ಕೂರಿಸಿ ನಕ್ಕೆ. ನಗಬಾರದಿತ್ತು. ನೀನಿಲ್ಲದ ಮನೆ ನಾನು ಹೇಳಿದ್ದಕ್ಕೆಲ್ಲ ಹೂಂ ಅನ್ನುತ್ತದೆ. ಬೇಜಾರು ಹಿಡಿದುಹೋಗಿದೆ. ನನ್ನದು ತಪ್ಪಾಯ್ತು. ಮನೆಗೆ ಬಾ.

ಚಪ್ಪಾಳೆ ಬೇಡ, ಮೊದಲು ಅವಳು ಏಳಲಿ. ಎದ್ದಳು. ಹೊರಟೇಬಿಟ್ಟಳು. ಮನೆಗೇ ಇರಬೇಕು. ಆದರೆ ಆ ಬಾಗಿಲಿಗೆ ಇನ್ನೂ ಅವಳ ದನಿ ಸೇರಿಸಿಲ್ಲವಲ್ಲ. ಅವಳು ಮೆಟ್ಟಿಲು ತಲುಪುವ ಮೊದಲು ನಾನು ಅಲ್ಲಿರಬೇಕು. ಅಧ್ಯಕ್ಷರೇ, ಕ್ಷಮಿಸಿ, ಈ ಹೂಗುಚ್ಛ ಸ್ವಲ್ಪ ಹಿಡಿದುಕೊಳ್ಳಿ. ಕೇಳಿಸಿಕೊಂಡ ನಿಮಗೆಲ್ಲ ಓಡುತ್ತಲೇ ವಂದನೆ, ನಮಸ್ಕಾರ.