ಸ್ಟೆಪ್ನಿಗೆ ತುಂಬಿದ ಗಾಳಿ

ಜನವರಿ ಹದಿನೇಳು, ಶನಿವಾರ. ಹಗಲೆಲ್ಲ ನೆತ್ತಿ ಸುಡುವ ಬಿಸಿಲು, ಕತ್ತಲಾದ ಮೇಲೆ ಹಲ್ಲು ಕಟಕಟಿಸುವ ಚಳಿ. ಎಲೆ ಅಲುಗುವಷ್ಟೂ ಗಾಳಿಯಿಲ್ಲ.

ಆ ರಾತ್ರಿ ನಮ್ಮ ದೊಡ್ಡಮ್ಮನ ಮಗ, ಎಲ್ಲರೂ ಟೈಲರ್ ಅಂತಲೇ ಕರೆಯುವವನು, ಹಾಳುಬಾವಿಯ ಪಕ್ಕದ ದಾರಿಯಲ್ಲಿ ಕಾರಿನ ಚಕ್ರವೊಂದನ್ನು ಉರುಳಿಸಿಕೊಂಡು ಹೋಗುತ್ತಿದ್ದ. ಗಾಳಿಯಿಲ್ಲದ ಚಕ್ರ ನೆಟ್ಟಗೆ ಉರುಳುತ್ತದೆಯೇ? ಥಪ್... ಥಪ್... ಅನ್ನುತ್ತ ಬಾವಿಯ ಕಡೆಗೇ ವಾಲುತ್ತಿತ್ತು. ಹಿಂದೆ, ರಸ್ತೆಯಂಚಿಗೆ ನಿಂತ ಕಾರಿನಲ್ಲಿ ಹೆಂಡತಿ. ಅವಳ ಮಡಿಲಲ್ಲಿ ಆರು ವರ್ಷದ ಮಗಳು. ಮಗುವಿಗೆ ಉಬ್ಬಸ. ಬಾಯಿಗೆ ಹೊಡೆಯುವ ಸ್ಪ್ರೇಗೂ ಬಗ್ಗಿರಲಿಲ್ಲ. ಉಸಿರೆಳೆದಾಗಲೆಲ್ಲ ಕುಯ್ಯ್... ಅನ್ನುವ ಸದ್ದು. ಆಂಬುಲೆನ್ಸ್‌ನವರು ಬರುತ್ತೇವೆ ಅಂದಿದ್ದರು, ಆದರೆ ಒಂದು ಗಂಟೆಯಾದೀತು ಅಂತಲೂ ಅಂದಿದ್ದರು. ಅಷ್ಟು ಹೊತ್ತು ಮಗು ತಡೆಯುವಂತಿರಲಿಲ್ಲ.

ತಪ್ಪು ಅವನದೇ. ಅಳತೆ ಅಂದರೆ ಅವನಿಗೆ ಪ್ರಾಣ. ಹಳೇ ಕಾರು ಕೊಂಡ ದಿನವೇ ಗಾಳಿ ನೋಡುವ ಗೇಜನ್ನೂ ಕೊಂಡು, ಟೇಪಿನ ಜೊತೆ ಜೇಬಿಗೆ ಸೇರಿಸಿದ್ದ. ಡ್ರೈವರ್ ಬಾಗಿಲ ಒಳಗೆ ಅಂಟಿಸಿದ ಚೀಟಿಯಲ್ಲಿ ಚಕ್ರದ ಗಾಳಿ ಮೂವತ್ಮೂರು ಅಂತ ಇತ್ತು. ಆ ಮಧ್ಯಾಹ್ನ ದೂರದಿಂದ ಓಡಿಸಿಕೊಂಡು ಬಂದವನೇ ಬಿಸಿಲಲ್ಲಿ ಕೂತು ಅಳೆದ. ಮೂವತ್ತೆಂಟು ತೋರಿಸಿತು. ಸ್ಸ್ಸ್... ಅಂತ ಒಂದೊಂದೇ ಚಕ್ರದಿಂದ ಬಿಟ್ಟು ಮೂವತ್ಮೂರಕ್ಕೆ ಇಳಿಸಿದ.

"ಗಾಳಿಗೂ ಅಳತೆ ತಗೊಂಡ್ರಾ? ಇನ್ನು ಕಾಜಾ ಒಂದು ಹಾಕಿಬಿಡಿ," ಅಂದಿದ್ದಳು ಹೆಂಡತಿ.

ಚೀಟಿಯ ಲೆಕ್ಕ ತಣ್ಣಗಿರುವ ಚಕ್ರದ್ದು. ಓಡಿ ಕಾದ ಚಕ್ರದಲ್ಲಿ ಗಾಳಿ ಉಬ್ಬಿರುತ್ತದೆ, ಅದನ್ನು ಬಿಡಬಾರದು. ಇಷ್ಟು ಅವನಿಗೆ ಗೊತ್ತಿರಲಿಲ್ಲ. ರಾತ್ರಿಯ ಚಳಿಗೆ ನಾಲ್ಕೂ ಚಕ್ರ ಸೊರಗಿದ್ದವು. ಮಗುವನ್ನು ಹಾಕಿಕೊಂಡು ಬಿಟ್ಟ ಬಾಣದಂತೆ ಹೋಗುವಾಗ ಗುಂಡಿಯ ಅಂಚು ಬಡಿಯಿತು. ಢಬ್. ಮುಂದಿನ ಚಕ್ರದ ಪಕ್ಕೆಯೇ ಸೀಳಿತು. ಡಿಕ್ಕಿ ತೆಗೆದರೆ ಸ್ಟೆಪ್ನಿಯೂ ಚಪ್ಪಟೆ. ಅದರ ಅಳತೆಯನ್ನು ಮಾತ್ರ ಅವನು ಯಾವತ್ತೂ ತೆಗೆದಿರಲಿಲ್ಲ.

ಆ ಸ್ಟೆಪ್ನಿಯನ್ನೇ ಉರುಳಿಸಿಕೊಂಡು ಬಾವಿ ದಾಟಿದರೆ ಒಂದು ಪಂಕ್ಚರ್ ಅಂಗಡಿ. ಮುಚ್ಚಿತ್ತು. ತಗಡಿನ ಬಾಗಿಲನ್ನು ಕೈ ನೋಯುವವರೆಗೆ ಬಡಿದ. ಯಾರೂ ಬರಲಿಲ್ಲ. ಅಲ್ಲೇ ಕುಸಿದು ಕೂತ.

ಆಗ ಪಕ್ಕದಲ್ಲಿ... ಯಾರೋ ಕೆಮ್ಮಿದರು.

ಹಳೇ ಟೈರುಗಳ ರಾಶಿಯ ಮೇಲೆ ಒಬ್ಬ ಕೂತಿದ್ದ. ತಲೆ ತುಂಬ ಕಂಬಳಿ.

"ಅಣ್ಣಾ, ಗಾಳಿ ಹಾಕ್ತೀರಾ? ಮಗು ಕಾರಲ್ಲಿದೆ."

"ಕರೆಂಟಿಲ್ಲ." ಪಿಸುಮಾತು.

"ಕೈಪಂಪು?"

"ಇಲ್ಲ... ಎಷ್ಟು ಬೇಕು?"

"ಮೂವತ್ಮೂರು."

"ಹಗಲು ನೀನೇ ಐದೈದು ಬಿಟ್ಟೆ. ಈಗ ಬಂದು ಕೇಳ್ತಿದ್ದೀಯ."

ಟೈಲರ್ ತಲೆಯೆತ್ತಿ ನೋಡಿದ. ಆ ಮಾತನ್ನು ಅವನು ಹೇಳಿರಲೇ ಇಲ್ಲ. ಆದರೂ ಏಳಲಿಲ್ಲ. ಎದ್ದು ಎಲ್ಲಿಗೆ ಓಡುವುದು?

"ನೀವು ಯಾರಾದ್ರೂ ಆಗಿರಿ," ಅಂದ. "ಗಾಳಿ ಹಾಕಿ. ಏನು ಕೇಳಿದ್ರೂ ಕೊಡ್ತೀನಿ."

"ಏನು ಕೇಳಿದ್ರೂ?"

"ಮಗೂನ ಬಿಟ್ಟು."

"ಅಷ್ಟು ಬುದ್ಧಿ ಇದೆ."

ಕಂಬಳಿಯವನು ಬಗ್ಗಿ ಚಕ್ರದ ವಾಲ್ವಿಗೆ ಬಾಯಿ ಇಟ್ಟ. ಊದಿದ. ಹ್ಹೂ... ಹ್ಹೂ ಅಂತ ಬಿಟ್ಟು ಬಿಟ್ಟು ಅಲ್ಲ. ಒಂದೇ ಊದು. ನಡುವೆ ಉಸಿರು ಎಳೆದುಕೊಳ್ಳಲೇ ಇಲ್ಲ. ಟೈರು ಮೆಲ್ಲಗೆ ಎದ್ದಿತು. ಅಂಚು ರಿಮ್ಮಿಗೆ ಕೂತಾಗ ಟಕ್... ಟಕ್ ಅಂದಿತು. ಟೈಲರ್ ಗೇಜ್ ಒತ್ತಿ, ಮೊಬೈಲ್ ಬೆಳಕಲ್ಲಿ ನೋಡಿದ. ಮೂವತ್ಮೂರು. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲ.

"ಸರಿಯಿದೆಯಾ?"

"ಇದೆ."

"ಹಾಗಾದ್ರೆ ಇಲ್ಲಿ ಬಾ," ಅಂದ ಕಂಬಳಿಯವನು.

ಚಕ್ರ ವಾಪಸು ಬಂದದ್ದು, ಜಾಕಿ ಏರಿಸಿದ್ದು, ಬೋಲ್ಟ್ ಬಿಗಿದದ್ದು ಯಾವುದೂ ಅವನಿಗೆ ನೆನಪಿಲ್ಲ. ಬೆಳಗಾಗುವ ಹೊತ್ತಿಗೆ ಮಗು ಆಕ್ಸಿಜನ್ ಮಾಸ್ಕಿನೊಳಗೆ ನಿದ್ದೆ ಹೋಗಿತ್ತು. ಕುಯ್ಯ್ ಅನ್ನುವ ಸದ್ದು ನಿಂತಿತ್ತು. ಡಾಕ್ಟರಮ್ಮ, "ಇನ್ನು ಸ್ವಲ್ಪ ತಡವಾಗಿದ್ದರೆ..." ಅಂತ ಅರ್ಧಕ್ಕೇ ಬಿಟ್ಟರು.

ಗಂಡ ಹೆಂಡತಿ ಆಸ್ಪತ್ರೆಯ ಮೆಟ್ಟಿಲಿಗೆ ಬಂದು ನಿಂತರು. ಕೊರೆಯುವ ಚಳಿ.

"ಆ ಹೊತ್ತಲ್ಲಿ ಯಾರ್ರೀ ಗಾಳಿ ಹಾಕಿದ್ದು?"

"ಯಾರೋ."

"ಎಷ್ಟು ಕೊಟ್ರಿ?"

"ದುಡ್ಡು ಮುಟ್ಟಲಿಲ್ಲ. ನನ್ನ ಮುಖದ ಹತ್ತಿರ ಬಂದು... ಒಂದು ಸಲ ಉಸಿರು ಒಳಗೆ ಎಳ್ಕೊಂಡ. ಅಷ್ಟೇ."

ಅವಳಿಗೆ ಅರ್ಥವಾಗಲಿಲ್ಲ. ನಿದ್ದೆಗೆಟ್ಟು ಏನೋ ಬಡಬಡಿಸುತ್ತಿದ್ದಾನೆ ಅಂದುಕೊಂಡಳು. ಆಮೇಲೆ ನೋಡಿದಳು. ಮಾತಾಡಿದರೆ ಅವಳ ಬಾಯಿಂದ ಹಬೆ ಬರುತ್ತಿತ್ತು. ಗೇಟಿನ ಕಾವಲುಗಾರನ ಬಾಯಿಂದಲೂ ಬರುತ್ತಿತ್ತು. ಗಂಡನ ಬಾಯಿಂದ ಏನೂ ಇಲ್ಲ.

"ರೀ... ಒಂದು ಸಲ ಊದಿ," ಅಂದಳು ಮೆಲ್ಲಗೆ. ಅಂಗೈ ಒಡ್ಡಿದಳು.

ಊದಿದ. ಉಸಿರು ತಾಗಿತು. ಬಾವಿಯೊಳಗೆ ಕೈ ಇಳಿಬಿಟ್ಟ ಹಾಗೆ, ತಣ್ಣಗೆ.

ಕಟ್ಟುಕತೆ ಅನ್ನುವವರು ಅವನ ಅಂಗಡಿಗೇ ಹೋಗಿ ನೋಡಬಹುದು, ಇವತ್ತಿಗೂ ಹೊಲಿಯುತ್ತಾನೆ. ಆರೋಗ್ಯಕ್ಕೆ ಏನೂ ಕೊರತೆಯಿಲ್ಲ. ಕನ್ನಡಕ ಒರೆಸುವಾಗ ಮಾತ್ರ, ಗಾಜಿಗೆ 'ಹಾ' ಅನ್ನಲು ಅದನ್ನು ಹೆಂಡತಿಯ ಕೈಗೆ ಕೊಡುತ್ತಾನೆ.